ಶಾಲಾ ಹಂತದಲ್ಲಿ ಕಾಲೇಜು ವ್ಯಾಸಂಗ: ಇತಿಹಾಸ

ಶಾಲಾ ಶಿಕ್ಷಣ ಮುಗಿಯುವ ಮುನ್ನವೇ ವಿದ್ಯಾರ್ಥಿ ಕಾಲೇಜು ಮಟ್ಟದ ಪಾಠ ಕಲಿಯುವ ವ್ಯವಸ್ಥೆ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯ 1955ರಲ್ಲಿ ಇದನ್ನು ಆರಂಭಿಸಿತು. ಮಿನ್ನೆಸೋಟ ರಾಜ್ಯ 1985ರಲ್ಲಿ ಇದಕ್ಕಾಗಿ ಕಾನೂನು ಮಾಡಿತು. ಅಲ್ಲಿ ಹೀಗೆ ಗಳಿಸಿದ ಕ್ರೆಡಿಟ್ ಮುಂದೆ ಪದವಿಗೆ ಜಮೆಯಾಗುತ್ತದೆ. ಭಾರತದಲ್ಲಿ ಆ ಪದ್ಧತಿ ಬೇರೂರಲಿಲ್ಲ. ಹತ್ತನೆಯ ತರಗತಿಯ ಮುಂದಿನ ವರ್ಷಗಳು ಶಾಲೆಗೆ ಸೇರಿದವೋ ಕಾಲೇಜಿಗೋ ಎಂಬ ತಕರಾರೇ ಇಲ್ಲಿ ಮುಖ್ಯವಾಯಿತು.

ಮೈಸೂರಿನ ಪ್ರಯೋಗ

ಈ ಚರ್ಚೆಯನ್ನು ಕೊಠಾರಿ ಶಿಕ್ಷಣ ಆಯೋಗದಿಂದ (1964–66) ಆರಂಭಿಸುವುದು ರೂಢಿ. ಮೈಸೂರು ಸಂಸ್ಥಾನದ ಪ್ರಯೋಗ ಅದಕ್ಕಿಂತ ಅರ್ಧ ಶತಮಾನ ಹಿಂದಿನದು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯ ಪದವಿಯನ್ನು ಮೂರು ವರ್ಷಕ್ಕೆ ನಿಗದಿಪಡಿಸಿ, ಅದರ ಹಿಂದಿನ ಒಂದು ವರ್ಷದ ‘ಎಂಟ್ರೆನ್ಸ್’ ಪಾಠವನ್ನು ಕಾಲೇಜಿಯೇಟ್ ಹೈಸ್ಕೂಲುಗಳಿಗೆ ಒಪ್ಪಿಸಿತು. ಪದವಿಗೆ ಮುಂಚಿನ ಇಂಟರ್‌ಮೀಡಿಯೆಟ್ ಹಂತವನ್ನು ವಿಶ್ವವಿದ್ಯಾಲಯದಿಂದ ಬೇರ್ಪಡಿಸಬೇಕೆಂದು ಸ್ಯಾಡ್ಲರ್ ಆಯೋಗ (1917–19) ಸೂಚಿಸುವ ಮೊದಲೇ ಇದು ಜಾರಿಗೆ ಬಂದಿತ್ತು.

ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರ ತಂದೆ ಮುಖ್ಯೋಪಾಧ್ಯಾಯರಾಗಿದ್ದ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲು ಇಂಥ ಶಾಲೆಗಳಲ್ಲಿ ಒಂದು. ಎಂಟ್ರೆನ್ಸ್ ಪರೀಕ್ಷೆಯಲ್ಲಿ ಮೊದಲ ಸಲ ನಪಾಸಾದ ನಾರಾಯಣ್, 1926ರಲ್ಲಿ ತೇರ್ಗಡೆಯಾಗಿ ಮಹಾರಾಜಾ ಕಾಲೇಜು ಸೇರಿದರು. ಇಂದಿನ ಸಿಇಟಿಯಂಥ ಆಯ್ಕೆ ಪರೀಕ್ಷೆ ಎಂದು ಈ ಎಂಟ್ರೆನ್ಸನ್ನು ಭಾವಿಸಬಾರದು. ಪದವಿಗೆ ಅಣಿಗೊಳಿಸುವ ಹಂತದ ಕೊನೆಯ ಪರೀಕ್ಷೆ ಅದು. ಮುಂದೆ ಇಂಟರ್‌ಮೀಡಿಯೆಟ್ ಕಾಲೇಜುಗಳು ಬಂದು ಈ ಏರ್ಪಾಡು ಕೊನೆಗೊಂಡಿತು.

ಪಿಯುಸಿ ಮತ್ತು ಪ್ರೀ-ಡಿಗ್ರಿ

ಇಂಟರ್‌ಮೀಡಿಯೆಟ್ ಜಾಗಕ್ಕೆ ಪಿಯುಸಿ ಬಂತು. ಶಾಲೆ, ಕಾಲೇಜು ಕೂಡಿರುವ ವ್ಯವಸ್ಥೆ ಕರ್ನಾಟಕದ ಅನೇಕ ಸರ್ಕಾರಿ ಪದವಿ ಪೂರ್ವ ಕಾಲೇಜುಗಳಲ್ಲಿ ಉಳಿದಿದೆ: ಒಂದೇ ಆವರಣದಲ್ಲಿ ಕಾಲೇಜಿಗೆ ಪ್ರಾಂಶುಪಾಲರು, ಪ್ರೌಢಶಾಲಾ ವಿಭಾಗಕ್ಕೆ ಉಪಪ್ರಾಂಶುಪಾಲರು. ಕಾಸರಗೋಡು ಸೇರಿದಂತೆ ಕೇರಳದಲ್ಲಿ ಪಿಯುಸಿಗೆ ಸಮಾನವಾದ ಪ್ರೀ-ಡಿಗ್ರಿ ಬಹುಕಾಲ ಪದವಿ ಕಾಲೇಜುಗಳಲ್ಲೇ ಇತ್ತು. 1986ರಲ್ಲಿ ಅದನ್ನು ಬೇರ್ಪಡಿಸಲು ಹೊರಟ ಸರ್ಕಾರ ತೀವ್ರ ಪ್ರತಿಭಟನೆ ಎದುರಿಸಿತು. ನಂತರ ಅದರ ಬದಲು ಪ್ಲಸ್ ಟು (11, 12ನೆಯ ತರಗತಿ) ಹಂತಹಂತವಾಗಿ ಶಾಲೆಗಳಿಗೆ ಬಂತು.

ಪುಣೆ–ನಿಗಡಿ

ಮಹಾರಾಷ್ಟ್ರ 1970ರ ದಶಕದಲ್ಲಿ 10+2+3 (ಹತ್ತನೆಯ ತರಗತಿ, ಮುಂದೆ ಎರಡು ವರ್ಷ, ಆಮೇಲೆ ಮೂರು ವರ್ಷದ ಪದವಿ) ಪದ್ಧತಿಯನ್ನು ಅಳವಡಿಸಿಕೊಂಡಿತು. ಪುಣೆ ಪಕ್ಕದ ಪಿಂಪ್ರಿ-ಚಿಂಚವಡದ ನಿಗಡಿಯಲ್ಲಿ ಹತ್ತನೆಯ ತರಗತಿ ಮುಗಿಸಿದವರು ಇಂದು ಸೇರುವುದು ‘ಜೂನಿಯರ್ ಕಾಲೇಜಿ’ಗೆ. ಅದು ಹೈಸ್ಕೂಲಿಗೆ ಹೊಂದಿಕೊಂಡಿರಬಹುದು, ಪದವಿ ಕಾಲೇಜಿನ ಕಟ್ಟಡದಲ್ಲೇ ಇರಬಹುದು. ಹನ್ನೆರಡನೆಯ ತರಗತಿಯ ಪರೀಕ್ಷೆ ನಡೆಸುವುದು ಮಾತ್ರ ರಾಜ್ಯ ಮಂಡಳಿ, ವಿಶ್ವವಿದ್ಯಾಲಯವಲ್ಲ. ಪ್ರವೇಶದ ಆನ್‌ಲೈನ್ ಅರ್ಜಿಯಲ್ಲಿ ಹತ್ತು ಕಾಲೇಜುಗಳವರೆಗೆ ಆದ್ಯತೆಯ ಕ್ರಮದಲ್ಲಿ ನಮೂದಿಸಬಹುದು. ಕಾಲೇಜಿನಲ್ಲಿ ಹೆಸರು ನೋಂದಾಯಿಸಿ ಕೋಚಿಂಗ್ ಕ್ಲಾಸಿನಲ್ಲಿ ಓದುವ ‘ಇಂಟಿಗ್ರೇಟೆಡ್’ ಪದ್ಧತಿ ಬೆಳೆದ ಮೇಲೆ, 2018ರಲ್ಲಿ ಸರ್ಕಾರ ಪುಣೆಯೂ ಸೇರಿದಂತೆ ಕೆಲವು ವಿಭಾಗಗಳ ವಿಜ್ಞಾನ ಜೂನಿಯರ್ ಕಾಲೇಜುಗಳಿಗೆ ಬಯೋಮೆಟ್ರಿಕ್ ಹಾಜರಿ ವಿಧಿಸಿತು.

ಇತ್ತೀಚಿನ ಸ್ಥಿತಿ

2020ರ ರಾಷ್ಟ್ರೀಯ ಶಿಕ್ಷಣ ನೀತಿ 9ರಿಂದ 12ರವರೆಗಿನ ತರಗತಿಗಳನ್ನು ಒಂದೇ ಶಾಲಾ ಹಂತವೆಂದು ಪರಿಗಣಿಸಿದೆ. ಮದ್ರಾಸ್ ಐಐಟಿ ಅದೇ ವರ್ಷ ಘೋಷಿಸಿದ ಆನ್‌ಲೈನ್ ಪದವಿ ಕೋರ್ಸಿನ ಅರ್ಹತಾ ಹಂತಕ್ಕೆ ಹನ್ನೊಂದನೆಯ ತರಗತಿ ಮುಗಿಸಿದವರೂ ಅರ್ಜಿ ಹಾಕಬಹುದು. ಆದರೆ ಪದವಿಗೆ ಪ್ರವೇಶ ಸಿಗುವುದು ಹನ್ನೆರಡನೆಯ ತರಗತಿ ಪಾಸಾದ ಮೇಲೆಯೇ.