ಕೊಚ್ಚಿಯ ಜೂತಪ್ಪಳ್ಳಿ ನೋಡಿ ಬಂದದು

ಕಳುದ ತಿಂಗಳು ಮಗಳ ಮನಗೆ ಕೊಚ್ಚಿಗೆ ಹೋಗಿಪ್ಪಗ ಮಟ್ಟಾಂಚೇರಿಗೆ ಹೋದೆಯೊ°. ಶೆನಿವಾರ ಬೇಡ, ಅಂದು ಅವಕ್ಕೆ ಸಬ್ಬತ್, ನೋಡ್ಲೆ ಬಿಡ್ತವಿಲ್ಲೆ ಹೇಳಿ ಮಗಳು ಹೇಳಿತ್ತು. ಹಾಂಗೆ ಸೋಮವಾರ ಹೆರಟದು.

ರಾಜನ ಅರಮನೆ, ಅದರ ಹತ್ತರೆ ಭಗವತಿ ದೇವಸ್ಥಾನ, ಅಲ್ಲಿಯೇ ತಾಗಿಯೊಂಡು ಯಹೂದಿಯರ ಪಳ್ಳಿ. 1568ರಲ್ಲಿ ಕಟ್ಟಿದ್ದು, ಜಾಗೆ ಕೊಟ್ಟದು ಕೊಚ್ಚಿಯ ರಾಜ. ಸ್ಪೇನಿನ ಹೊಡೆಂದ ಓಡಿ ಬಂದವೂ ಅದರಲ್ಲಿ ಇತ್ತಿದ್ದ ಕಾರಣ ‘ಪರದೇಶಿ ಪಳ್ಳಿ’ ಹೇಳಿ ಹೆಸರು.

ಮೆಟ್ಟು ಹೆರ ಬಿಟ್ಟು ಒಳ ಹೋದರೆ, ನೆಲ ನೋಡಿ ಕಾಲು ಮಡುಗುಲೆ ಎನಗೆ ಮನಸ್ಸು ಬಯಿಂದಿಲ್ಲೆ. ಚೀನಾಂದ ತರಿಸಿದ ನೀಲಿ-ಬೆಳಿ ಟೈಲ್ಸು, ಎಲ್ಲ ಕೈಲಿ ಬರದ್ದು. ಮೇಗೆ ಬೆಲ್ಜಿಯಂ ಗಾಜಿನ ದೀಪಂಗೊ. ಹೆರಾಣ ಗಂಟೆಗೋಪುರ 1760ರದ್ದು. ಡಚ್ಚರೊಟ್ಟಿಂಗೆ ವ್ಯಾಪಾರ ಮಾಡಿದ ಎಝೆಕಿಯಲ್ ರಹಾಬಿ ಕಟ್ಟುಸಿದ್ದು.

ಅಲ್ಲಿಯೂ ಮೇಲು-ಕೀಳು ಇತ್ತು. ದಾಸರ ಸಂತತಿ ಹೇಳಿ ಕೆಲವು ಮನೆಯೋರಿಂಗೆ ಎಲ್ಲೋರೊಟ್ಟಿಂಗೆ ಕೂಪಲೆ ಹಕ್ಕಿತ್ತಿಲ್ಲೆ. ಅವರಲ್ಲಿ ಒಬ್ಬ°, ಎ. ಬಿ. ಸೇಲಂ ಹೇಳ್ತ ವಕೀಲ°, ಗಾಂಧೀಜಿಯ ದಾರಿಲಿ ಪಳ್ಳಿಲಿಯೇ ಸತ್ಯಾಗ್ರಹ ಮಾಡಿದ°.

ಹೆಮ್ಮಕ್ಕೊಗೆ ಕೂಪಲೆ ಮಾಳಿಗೆ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಗೆಂಡುಮಕ್ಕೊ ಸೇರೆಕ್ಕು. ಹೆಮ್ಮಕ್ಕೊ ಎಷ್ಟು ಇದ್ದರೂ ಲೆಕ್ಕಕ್ಕಿಲ್ಲೆ. 1950ರ ದಶಕಲ್ಲಿ ಕೊಚ್ಚಿಯ ಹೆಚ್ಚಿನ ಯಹೂದಿಯರು ಇಸ್ರೇಲಿಂಗೆ ಹೋದವು. ಮತ್ತೆ ಬಪ್ಪಗ ಬಪ್ಪಗ ಆ ಹತ್ತು ಜೆನ ಸೇರುದೇ ಕಷ್ಟ ಆತು.

ಆದರೆ ಲೆಕ್ಕಕ್ಕಿಲ್ಲದ್ದ ಆ ಹೆಮ್ಮಕ್ಕೊ ಒಂದು ದೊಡ್ಡ ಆಸ್ತಿ ಒಳಿಶಿದವು. ಮದುವೆಗೆ, ಹಬ್ಬಕ್ಕೆ ಮಲಯಾಳಲ್ಲಿ ಪದ್ಯ ಹೇಳುಗು; ಅದರ ಪುಸ್ತಕಲ್ಲಿ ಕೈಬರಹಲ್ಲಿ ಬರದು ಮಡುಗುಗು. ಊರು ಬಿಟ್ಟು ಹೋಪಗ ಪುಸ್ತಕಂಗಳನ್ನೂ ತೆಕ್ಕೊಂಡು ಹೋದವು. ಹಾಂಗಾಗಿ ಆ ಪದ್ಯಂಗೊ ಈಗಳೂ ಇದ್ದು, ಓದಿ ಅಚ್ಚು ಹಾಕಿದ್ದವು.

ಅದರ ಕೇಳಿಯಪ್ಪಗ ಎನಗೆ ಅತ್ತೆಯ ನೆಂಪಾತು. ಅವುದೇ ಶೋಭಾನೆಗಳ ಎಲ್ಲ ಒಂದು ಹಳೇ ಲೆಕ್ಕದ ಪುಸ್ತಕಲ್ಲಿ ಬರದು ಮಡುಗಿತ್ತಿದ್ದವು. ಮನೆ ರಿಪೇರಿ ಮಾಡುವಗ ಒರಳೆ ತಿಂದಿದು ಹೇಳಿ ರದ್ದಿಗೆ ಹಾಕಿದ್ದು ಆನೇ. ಅರ್ಧ ಪುಟಂಗೊ ಒಳ್ಳೆದಿತ್ತು. ಹಸೆಗೆ ಕರವ ಪದ್ಯ ಒಂದು ಸಾಲು ಬಿಟ್ಟು ಬಾಕಿ ಎನಗೆ ಬತ್ತಿಲ್ಲೆ. ನಿಂಗಳಲ್ಲಿ ಆರಿಂಗಾದರೂ ಪೂರ್ತಿ ನೆಂಪಿದ್ದರೆ ಹೇಳಿ, ಈ ಸರ್ತಿ ಆನು ಬರಕ್ಕೊಳ್ತೆ.