ಬೆಂಗಳೂರು ಹೊರವಲಯದ ಶಾಲಾ ಆಡಳಿತ: ಆಯುಕ್ತರ ಕಚೇರಿಯಿಂದ ಕ್ಲಸ್ಟರ್‌ವರೆಗೆ

ಕರ್ನಾಟಕದಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು, ಅನುದಾನಿತ ಶಾಲೆಗಳಿಗೆ ಹಣ ಕೊಡುವುದು, ಖಾಸಗಿ ಶಾಲೆಗಳಿಗೆ ಮಾನ್ಯತೆ ನೀಡುವುದು ಶಾಲಾ ಶಿಕ್ಷಣ ಇಲಾಖೆಯ ಕೆಲಸ. ದೀರ್ಘಕಾಲ ಸಾರ್ವಜನಿಕ ಶಿಕ್ಷಣ ಇಲಾಖೆ ಎಂದು ಹೆಸರಾಗಿದ್ದ ಇದರ ಆಡಳಿತ ಮುಖ್ಯಸ್ಥರು ಆಯುಕ್ತರು. ಅವರ ಕಚೇರಿ ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿದೆ. ಹೊಸ ಆಯುಕ್ತರು ಬಂದಾಗ, ಸರ್ಕಾರ ಬದಲಾದಾಗ ಅಥವಾ ಹೊಸ ಕಾನೂನು ಜಾರಿಗೆ ಬಂದಾಗ ಈ ಕೇಂದ್ರ ಕಚೇರಿಯ ಹುದ್ದೆಗಳೂ ಅಧಿಕಾರಗಳೂ ಮರುಹಂಚಿಕೆಯಾಗುತ್ತವೆ. ಅಂಥ ಪುನರ್‌ರಚನೆಯ ಫಲಾಫಲ ಸ್ಪಷ್ಟವಾಗಿ ಕಾಣುವುದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಂಥ ಹೊರವಲಯಗಳಲ್ಲಿ. ಹಳ್ಳಿಗಳು ನಗರವಾಗಿ ಬೆಳೆದ ವೇಗಕ್ಕೆ ಶಿಕ್ಷಣ ಇಲಾಖೆಯ ನಕ್ಷೆ ಅಲ್ಲಿ ಇನ್ನೂ ಹೊಂದಿಕೊಂಡಿಲ್ಲ.

ಈಗಿನ ರಚನೆ

ರಾಜ್ಯದಲ್ಲಿ ಕಂದಾಯ ಜಿಲ್ಲೆಗಳು 31. ಶೈಕ್ಷಣಿಕ ಜಿಲ್ಲೆಗಳು 35. ಚಿಕ್ಕೋಡಿ, ಶಿರಸಿ, ಮಧುಗಿರಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಗಳಾಗಿವೆ. ಬೆಂಗಳೂರು ನಗರ ಜಿಲ್ಲೆಯನ್ನು ಉತ್ತರ, ದಕ್ಷಿಣ ಎಂದು ಎರಡು ಮಾಡಲಾಗಿದೆ. ಪ್ರತಿ ಶೈಕ್ಷಣಿಕ ಜಿಲ್ಲೆಗೆ ಒಬ್ಬ ಉಪನಿರ್ದೇಶಕರು, ಅಂದರೆ ಡಿಡಿಪಿಐ. ಅವರ ಕೆಳಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಅಂದರೆ ಬಿಇಒಗಳು. ರಾಜ್ಯದ ಬ್ಲಾಕ್‌ಗಳ ಸಂಖ್ಯೆ 204. ಬೆಂಗಳೂರು ದಕ್ಷಿಣದಲ್ಲಿ ದಕ್ಷಿಣ ವಲಯ 1ರಿಂದ 4 ಮತ್ತು ಆನೇಕಲ್ ಎಂದು ಐದು ಬ್ಲಾಕ್‌ಗಳಿವೆ. ಉತ್ತರದಲ್ಲಿ ಉತ್ತರ ವಲಯ 1ರಿಂದ 4.

ಬ್ಲಾಕ್‌ನ ಕೆಳಗೆ ಕ್ಲಸ್ಟರ್. ಹತ್ತಿರ ಹತ್ತಿರದ ಶಾಲೆಗಳ ಒಂದು ಗುಂಪಿಗೆ ಒಬ್ಬ ಸಮೂಹ ಸಂಪನ್ಮೂಲ ವ್ಯಕ್ತಿ ಇರುತ್ತಾರೆ. ಎಲ್ಲರ ಬಾಯಲ್ಲೂ ಅವರು ‘ಸಿಆರ್‌ಪಿ’. ಇವರು ಶಿಕ್ಷಕರೇ, ಪರೀಕ್ಷೆ ಬರೆದು ಆಯ್ಕೆಯಾಗಿ ಕೆಲವು ವರ್ಷ ಈ ಕೆಲಸ ಮಾಡುತ್ತಾರೆ. ತರಗತಿಯಲ್ಲಿ ಕುಳಿತು ಪಾಠ ನೋಡುವುದು, ಶಿಕ್ಷಕರಿಗೆ ಸಲಹೆ ಕೊಡುವುದು ಇವರ ಮೂಲ ಕರ್ತವ್ಯ. ಮೇಲಿನಿಂದ ಬಂದ ಆದೇಶ ಮಗುವನ್ನು ಮುಟ್ಟುವುದು ಇವರ ಮೂಲಕ. ಇಡೀ ವ್ಯವಸ್ಥೆಯಲ್ಲಿ ಅತಿ ಮುಖ್ಯವಾದ ಈ ಕೊಂಡಿಗೆ ಅಧಿಕಾರ ಮಾತ್ರ ಅತಿ ಕಡಿಮೆ.

ಜಿಲ್ಲಾ ಮಟ್ಟದಲ್ಲಿ ಉಪನಿರ್ದೇಶಕರ ಹುದ್ದೆಯೂ ಎರಡಾಗಿದೆ. ಆಡಳಿತ ನೋಡುವವರು ಒಬ್ಬರು. ಶಿಕ್ಷಕರ ತರಬೇತಿ ಮತ್ತು ಕಲಿಕೆಯ ಗುಣಮಟ್ಟ ನೋಡುವವರು ಇನ್ನೊಬ್ಬರು. ಅವರೇ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ, ಅಂದರೆ ಡಯಟ್‌ನ ಪ್ರಾಂಶುಪಾಲರು ಮತ್ತು ಅಭಿವೃದ್ಧಿ ವಿಭಾಗದ ಉಪನಿರ್ದೇಶಕರು. ಕಡತದ ಕೆಲಸ ಕಲಿಕೆಯ ಕೆಲಸವನ್ನು ನುಂಗಬಾರದೆಂಬ ಆಶಯ ಈ ವಿಭಜನೆಯಲ್ಲಿದೆ.

ಹೋಬಳಿ ಶಾಲೆಯಿಂದ ಆಯುಕ್ತಾಲಯಕ್ಕೆ

ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆ ರೂಪುಗೊಂಡದ್ದು 1857ರಲ್ಲಿ. 1854ರ ವುಡ್ ವರದಿಯ ನಂತರ ಬ್ರಿಟಿಷ್ ಇಂಡಿಯಾದ ಪ್ರಾಂತ್ಯಗಳಲ್ಲಿ ಹುಟ್ಟಿದ ಮಾದರಿಯೇ ಇಲ್ಲಿಗೂ ಬಂತು. 1858ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹೈಸ್ಕೂಲು ಮುಂದೆ ಸೆಂಟ್ರಲ್ ಕಾಲೇಜು ಆಯಿತು. ಆರಂಭದಲ್ಲಿ ಇಲಾಖೆಯ ಗಮನವೆಲ್ಲ ಪಟ್ಟಣಗಳ ಶಾಲೆಗಳ ಮೇಲಿತ್ತು.

ಆ ದಿಕ್ಕನ್ನು ಬದಲಿಸಿದವರು ಬೆಂಜಮಿನ್ ಲೂಯಿಸ್ ರೈಸ್. ಶಾಸನ ಸಂಗ್ರಹದಿಂದ ಕನ್ನಡಿಗರಿಗೆ ಪರಿಚಿತರಾದ ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಮೊದಲು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ, 1865ರಿಂದ ಶಾಲೆಗಳ ಇನ್ಸ್‌ಪೆಕ್ಟರಾಗಿ ಕೆಲಸ ಮಾಡಿದ್ದರು. ನಿರ್ದೇಶಕ ಜಾನ್ ಗ್ಯಾರೆಟ್ ಅವರ ಬದಲಿಗೆ 1868ರಲ್ಲಿ ಇಲಾಖೆಯ ಹೊಣೆ ಹೊತ್ತಾಗ ಅವರು ಹೋಬಳಿ ಶಾಲೆಗಳ ಯೋಜನೆ ಮುಂದಿಟ್ಟರು. ಪ್ರತಿ ಹೋಬಳಿಗೂ ಒಂದು ಶಾಲೆ, ಅಲ್ಲಿಯ ಮೇಷ್ಟರಿಗೆ ತರಬೇತಿ ಎಂಬುದು ಅದರ ತಿರುಳು. ಹೊಸ ಮುಖ್ಯಸ್ಥನೊಬ್ಬ ತನ್ನ ಕಚೇರಿಯ ಸುತ್ತ ಹುದ್ದೆಗಳನ್ನು ಹೆಚ್ಚಿಸುವ ಬದಲು ಆಡಳಿತದ ಘಟಕವನ್ನೇ ಜನರ ಹತ್ತಿರ ಒಯ್ದ ಮೊದಲ ದೊಡ್ಡ ಉದಾಹರಣೆ ಇದು. ಇಂದಿನ ಕ್ಲಸ್ಟರ್ ವ್ಯವಸ್ಥೆಯ ಹಿಂದಿನ ಯೋಚನೆಯೂ ಇದೇ. ಇಂದಿನ ಹೊರವಲಯಗಳೂ ಇಂಥ ಹೋಬಳಿಗಳ ನೆಲದಲ್ಲೇ ಇವೆ: ಪೀಣ್ಯ ಯಶವಂತಪುರ ಹೋಬಳಿಯಲ್ಲಿದೆ. ಎಲೆಕ್ಟ್ರಾನಿಕ್ ಸಿಟಿಯ ಮೊದಲ ಹಂತ ಬೇಗೂರು ಹೋಬಳಿಯ ನೆಲದಲ್ಲಿ ಎದ್ದಿದೆ.

ಮುಂದೆ ಇಲಾಖೆಯ ಮುಖ್ಯಸ್ಥರ ಹುದ್ದೆಗೆ ಇನ್ಸ್‌ಪೆಕ್ಟರ್ ಜನರಲ್ ಎಂಬ ಹೆಸರು ಬಂತು. ವಿಜ್ಞಾನಿ ಹೋಮಿ ಭಾಭಾ ಅವರ ತಾತ ಎಚ್.ಜೆ. ಭಾಭಾ, ಆಮೇಲೆ ಸಿ.ಆರ್. ರೆಡ್ಡಿ ಈ ಹುದ್ದೆಯಲ್ಲಿದ್ದರು. 1913ರಲ್ಲಿ ಸಂಸ್ಥಾನ ಕಡ್ಡಾಯ ಪ್ರಾಥಮಿಕ ಶಿಕ್ಷಣದ ನಿಬಂಧನೆ ತಂದಿತು. 1956ರಲ್ಲಿ ರಾಜ್ಯ ಒಂದಾದಾಗ ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಮತ್ತು ಮೈಸೂರಿನ ಬೇರೆ ಬೇರೆ ಶಾಲಾ ಪದ್ಧತಿಗಳನ್ನು ಹೊಲಿದು ಒಂದೇ ಇಲಾಖೆ ಮಾಡಬೇಕಾಯಿತು. ಅದರ ಗುರುತು ಇಂದಿಗೂ ಉಳಿದಿದೆ: ಧಾರವಾಡ ಮತ್ತು ಕಲಬುರಗಿಯಲ್ಲಿ ಅಪರ ಆಯುಕ್ತರ ಕಚೇರಿಗಳಿವೆ.

ಈಚಿನ ಮರುಜೋಡಣೆ

ಆಯುಕ್ತರ ಹುದ್ದೆಯಲ್ಲಿ ಐಎಎಸ್ ಅಧಿಕಾರಿಗಳಿರುತ್ತಾರೆ. ಅವರ ಅವಧಿ ಚಿಕ್ಕದು. 2020ರಿಂದ 2024ರ ನಡುವೆ ವಿ. ಅನ್ಬುಕುಮಾರ್, ಆರ್. ವಿಶಾಲ್, ಬಿ.ಬಿ. ಕಾವೇರಿ ಮತ್ತು ಕೆ.ವಿ. ತ್ರಿಲೋಕಚಂದ್ರ ಒಬ್ಬರ ನಂತರ ಒಬ್ಬರು ಈ ಹೊಣೆ ಹೊತ್ತರು. ಇಲಾಖೆಯನ್ನು ಅರಿಯಲು ಒಂದು ವರ್ಷ, ಬದಲಿಸಲು ಒಂದು ವರ್ಷ, ಅಷ್ಟರಲ್ಲಿ ವರ್ಗಾವಣೆ. ಆದ್ದರಿಂದ ಬಾಳುವ ಬದಲಾವಣೆಗಳೆಲ್ಲ ವ್ಯಕ್ತಿಯ ಉತ್ಸಾಹಕ್ಕಿಂತ ಕಾನೂನಿನ ಬಲದಿಂದ ಬಂದಿವೆ.

ಶಿಕ್ಷಕರ ವರ್ಗಾವಣೆಯೇ ಇದಕ್ಕೆ ಉತ್ತಮ ನಿದರ್ಶನ. 2007ರ ವರ್ಗಾವಣೆ ನಿಯಂತ್ರಣ ಕಾಯ್ದೆ ಮತ್ತು ಅದರ ಸ್ಥಾನಕ್ಕೆ ಬಂದ 2020ರ ಕಾಯ್ದೆ ಈ ಅಧಿಕಾರವನ್ನು ಅಧಿಕಾರಿಗಳ ಮೇಜಿನಿಂದ ಎತ್ತಿ ಕೌನ್ಸೆಲಿಂಗ್‌ಗೆ ತಂದವು. ಖಾಲಿ ಹುದ್ದೆಗಳ ಪಟ್ಟಿ, ಜ್ಯೇಷ್ಠತೆ, ಅಂಕ ಇವುಗಳ ಆಧಾರದಲ್ಲಿ ಶಿಕ್ಷಕರು ಎಲ್ಲರೆದುರು ಶಾಲೆ ಆರಿಸಿಕೊಳ್ಳುತ್ತಾರೆ. ಆಯುಕ್ತರು ಬದಲಾದರೂ ಪದ್ಧತಿ ಬದಲಾಗುವುದಿಲ್ಲ.

ಎರಡನೆಯದು ಪರೀಕ್ಷಾ ಮಂಡಳಿಗಳ ವಿಲೀನ. 1966ರಲ್ಲಿ ಸ್ಥಾಪನೆಯಾದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಎಸ್‌ಎಸ್‌ಎಲ್‌ಸಿ ನಡೆಸುತ್ತಿತ್ತು. ಪಿಯು ಪರೀಕ್ಷೆ ಪದವಿಪೂರ್ವ ಶಿಕ್ಷಣ ಇಲಾಖೆಯ ಕೈಯಲ್ಲಿತ್ತು. 2022ರಲ್ಲಿ ಎರಡನ್ನೂ ಸೇರಿಸಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ರಚಿಸಲಾಯಿತು. 2023ರ ದ್ವಿತೀಯ ಪಿಯು ಪರೀಕ್ಷೆಯನ್ನು ಹೊಸ ಮಂಡಳಿಯೇ ನಡೆಸಿತು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂತು, ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ಶುರುವಾಯಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಮಕ್ಕಳ ಕಲಿಕೆ ಎಷ್ಟಿದೆಯೆಂದು ಕೇಂದ್ರ ಕಚೇರಿಗೆ ಹೆಚ್ಚು ನಿಜವಾಗಿ ತಿಳಿದದ್ದು ಆಗ.

ವಿಲೀನ ಮಂಡಳಿಯ ಮಟ್ಟದಲ್ಲಿ ಆದಷ್ಟು ಪೂರ್ಣವಾಗಿ ಶಾಲೆಯ ಅಂಗಳದಲ್ಲಿ ಆಗಿಲ್ಲ. ಪ್ರೌಢಶಾಲೆ ಮತ್ತು ಪಿಯು ಒಂದೇ ಕಾಂಪೌಂಡಿನಲ್ಲಿರುವ ಸರ್ಕಾರಿ ಕಾಲೇಜಿನಲ್ಲಿ ಪ್ರಾಂಶುಪಾಲರು ಪದವಿಪೂರ್ವ ವಿಭಾಗದ ಜಿಲ್ಲಾ ಉಪನಿರ್ದೇಶಕರಿಗೆ ಉತ್ತರ ಕೊಡುತ್ತಾರೆ. ಪ್ರೌಢಶಾಲೆ ನೋಡುವ ಉಪಪ್ರಾಂಶುಪಾಲರು ಬಿಇಒಗೆ. ಪ್ರಯೋಗಾಲಯ, ಶೌಚಾಲಯ, ಕೊಠಡಿ ಹಂಚಿಕೆಯಂಥ ದಿನನಿತ್ಯದ ವಿಷಯಗಳಿಗೂ ಎರಡು ಕಚೇರಿಗಳ ಒಪ್ಪಿಗೆ ಬೇಕಾಗುತ್ತದೆ. ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಸೂರಿನಡಿ ತರುವ ಕರ್ನಾಟಕ ಪಬ್ಲಿಕ್ ಶಾಲೆಗಳ ಉದ್ದೇಶಗಳಲ್ಲಿ ಈ ಬಿರುಕನ್ನು ಮುಚ್ಚುವುದೂ ಒಂದು.

ಹೊರವಲಯದ ಸ್ಥಿತಿ

ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರ ಕೃಷಿ ವಸಾಹತಾಗಿ ಶುರುವಾದ ಊರು. ಪೀಣ್ಯ 1970ರ ದಶಕದಲ್ಲಿ ಕೈಗಾರಿಕಾ ಪ್ರದೇಶವಾಯಿತು. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ಸಂಸ್ಥೆ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ ಅವರ ಕನಸಿನಿಂದ ಎಲೆಕ್ಟ್ರಾನಿಕ್ ಸಿಟಿ ಅದೇ ದಶಕದ ಕೊನೆಯಲ್ಲಿ 332 ಎಕರೆಯಲ್ಲಿ ಹುಟ್ಟಿತು. ಮೂರೂ ಕಡೆ ಮೊದಲು ಇದ್ದದ್ದು ಹಳ್ಳಿಯ ಸರ್ಕಾರಿ ಶಾಲೆಗಳು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿ ಬಿಬಿಎಂಪಿ ಆದಾಗಲೂ ಆ ಶಾಲೆಗಳು ರಾಜ್ಯ ಇಲಾಖೆಯಲ್ಲೇ ಉಳಿದವು. ಪಾಲಿಕೆ ನಡೆಸುವ ಶಾಲೆಗಳು ಬಹುತೇಕ ಹಳೆಯ ಬೆಂಗಳೂರಿನಲ್ಲಿವೆ. ಹೀಗಾಗಿ ಹೊರವಲಯದ ಶಾಲೆಯ ಮುಂದಿನ ಚರಂಡಿ ಪಾಲಿಕೆಯದು, ಶಾಲೆ ಇಲಾಖೆಯದು.

ಎಲೆಕ್ಟ್ರಾನಿಕ್ ಸಿಟಿಯ ನಕ್ಷೆ ಇನ್ನೂ ಜಟಿಲ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಬೆಂಗಳೂರು ದಕ್ಷಿಣ ತಾಲ್ಲೂಕಿನವು. ಹೊಸೂರು ರಸ್ತೆಯಲ್ಲಿ ಸ್ವಲ್ಪ ಮುಂದಿನ ಹೆಬ್ಬಗೋಡಿ, ಬೊಮ್ಮಸಂದ್ರ ಆನೇಕಲ್ ತಾಲ್ಲೂಕಿನವು. ಕಂಪನಿಗಳಿರುವ ಪ್ರದೇಶಕ್ಕೆ 2013ರಿಂದ ಪ್ರತ್ಯೇಕ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಿದೆ. ಬಾಡಿಗೆ ಕಡಿಮೆ ಎಂದು ಒಂದು ಕುಟುಂಬ ಎರಡು ಕಿಲೋಮೀಟರ್ ಆಚೆ ಮನೆ ಬದಲಿಸಿದರೆ ಮಗುವಿನ ಬಿಇಒ ಕಚೇರಿಯೂ ಬದಲಾಗಬಹುದು. ವಿದ್ಯಾರ್ಥಿಗಳ ವಿವರ ಇಡುವ ಸ್ಯಾಟ್ಸ್ ತಂತ್ರಾಂಶದಿಂದ ವರ್ಗಾವಣೆ ಪತ್ರ ಆನ್‌ಲೈನಿನಲ್ಲಿ ಸಿಗುತ್ತದೆ. ಆದರೆ ಹೊಸ ಶಾಲೆಯಲ್ಲಿ ಕೊಠಡಿಯನ್ನೂ ಶಿಕ್ಷಕರನ್ನೂ ತಂತ್ರಾಂಶ ಕೊಡಲಾರದು.

ಈ ಪ್ರದೇಶಗಳ ಸರ್ಕಾರಿ ಶಾಲೆಗಳಿಗೆ ಬರುವವರು ಹೆಚ್ಚಾಗಿ ವಲಸೆ ಕುಟುಂಬಗಳ ಮಕ್ಕಳು. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ಪೀಣ್ಯದ ಗಾರ್ಮೆಂಟ್ಸ್ ಕಾರ್ಮಿಕರ ಮಕ್ಕಳು, ಮನೆಯಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ, ಬಂಗಾಳಿ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಕಾಮಗಾರಿ ಮುಗಿದರೆ ಕುಟುಂಬ ಹೊರಡುತ್ತದೆ. ವರ್ಷದ ಮಧ್ಯೆ ಹೊಸಬರು ಬರುತ್ತಾರೆ. ಇಂಥ ಮಕ್ಕಳಿಗಾಗಿ ಟೆಂಟ್ ಶಾಲೆಗಳು ನಡೆದಿವೆ. ಶಿಕ್ಷಣ ಹಕ್ಕು ಕಾಯ್ದೆ ಕಿರಿಯ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು ಎನ್ನುತ್ತದೆ. ಹುದ್ದೆಗಳ ಲೆಕ್ಕ ವರ್ಷಕ್ಕೊಮ್ಮೆ ದಾಖಲಾತಿ ನೋಡಿ ಆಗುವುದರಿಂದ, ನಡುವೆ ಬಂದ ಮಗು ಆ ಲೆಕ್ಕದಿಂದ ಹೊರಗೇ ಉಳಿಯುತ್ತದೆ.

ಇದೇ ಬಿಇಒ ಕಚೇರಿ ಖಾಸಗಿ ಶಾಲೆಗಳ ಮಾನ್ಯತೆ ನವೀಕರಣ, ಶಿಕ್ಷಣ ಹಕ್ಕು ಕಾಯ್ದೆಯ ಸೀಟುಗಳು, ಸಂಬಳದ ಬಿಲ್ಲು, ಪಠ್ಯಪುಸ್ತಕ ವಿತರಣೆ, ಪೋಷಕರ ದೂರು ಎಲ್ಲವನ್ನೂ ನೋಡಬೇಕು. ಕೆ.ಆರ್. ಪುರ, ವೈಟ್‌ಫೀಲ್ಡ್ ಒಳಗೊಂಡ ದಕ್ಷಿಣ ವಲಯ 4ರಂಥ ಕಡೆ ಖಾಸಗಿ ಶಾಲೆಗಳು ಸಾಲುಗಟ್ಟಿವೆ. ಕಡತದ ಭಾರ ಹೆಚ್ಚಿದಷ್ಟೂ ತರಗತಿಯ ಭೇಟಿ ಕಡಿಮೆಯಾಗುತ್ತದೆ.

ನೆರವಿನ ಕೈಗಳೂ ಇಲ್ಲಿಯೇ ಹತ್ತಿರದಲ್ಲಿವೆ. ಸರ್ಜಾಪುರ ರಸ್ತೆಯ ಅಜೀಂ ಪ್ರೇಮ್‌ಜಿ ಫೌಂಡೇಷನ್ 2024ರಲ್ಲಿ ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದದಂತೆ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಕೊಡಲು ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ನೀಡುತ್ತಿದೆ. ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಹುಟ್ಟಿದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಪೋಷಕರ ಕೈಗೆ ಸಿಕ್ಕ ಅಧಿಕಾರ. ಪಾಳಿಯ ಕೆಲಸಕ್ಕೆ ಹೋಗುವ ತಂದೆತಾಯಿಗಳು ಹಗಲು ಹೊತ್ತಿನ ಸಭೆಗೆ ಬರಲಾರರು. ಆದ್ದರಿಂದ ಕೈಗಾರಿಕಾ ಪ್ರದೇಶದಲ್ಲಿ ಸಭೆಯ ವೇಳೆಯನ್ನು ಕಾರ್ಖಾನೆಯ ಪಾಳಿ ನೋಡಿ ಗೊತ್ತುಮಾಡಬೇಕು.

ಬೇರೆಡೆಯ ಅನುಭವ

ನೆರೆಯ ಕೇರಳದಲ್ಲಿ ಎಂ.ಎ. ಖಾದರ್ ಸಮಿತಿಯ ವರದಿಯ ಮೇಲೆ 2019ರಲ್ಲಿ ಮೂರು ನಿರ್ದೇಶನಾಲಯಗಳನ್ನು ಒಂದು ಮಾಡಲಾಯಿತು. ಪ್ರೌಢಶಾಲೆ ಮತ್ತು ಹೈಯರ್ ಸೆಕೆಂಡರಿ ಒಟ್ಟಿಗಿರುವ ಕಡೆ ಪ್ರಾಂಶುಪಾಲರೇ ಇಡೀ ಸಂಸ್ಥೆಯ ಮುಖ್ಯಸ್ಥರಾದರು, ಮುಖ್ಯೋಪಾಧ್ಯಾಯರು ಉಪಪ್ರಾಂಶುಪಾಲರಾದರು. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಗಳಿರುವ ಸಂಸ್ಥೆಗಳೂ ಈ ವ್ಯವಸ್ಥೆಗೆ ಬಂದವು. ಒಂದು ಅಂಗಳ, ಒಬ್ಬ ಮುಖ್ಯಸ್ಥ ಎಂಬ ಸೂತ್ರ ಕರ್ನಾಟಕಕ್ಕೂ ಹೊಂದುತ್ತದೆ.

ನ್ಯೂಯಾರ್ಕ್ ನಗರದ್ದು ಎಚ್ಚರಿಕೆಯ ಪಾಠ. 2002ರಲ್ಲಿ ಶಾಲೆಗಳ ಆಡಳಿತ ಮೇಯರ್ ಕೈಗೆ ಬಂದಾಗ ಹೊಸ ಮುಖ್ಯಸ್ಥ ಜೋಯಲ್ ಕ್ಲೈನ್ 32 ಶಾಲಾ ಜಿಲ್ಲೆಗಳ ಆಡಳಿತವನ್ನು 10 ವಲಯಗಳಿಗೆ ಇಳಿಸಿದರು. 2007ರಲ್ಲಿ ಆ ವಲಯಗಳನ್ನೂ ಮುಚ್ಚಲಾಯಿತು. 2015ರಲ್ಲಿ ಆಗಿನ ಮುಖ್ಯಸ್ಥೆ ಕಾರ್ಮೆನ್ ಫರೀನಾ ಜಿಲ್ಲಾ ಅಧಿಕಾರಿಗಳಿಗೆ ಮತ್ತೆ ಅಧಿಕಾರ ಕೊಟ್ಟರು. ಹದಿಮೂರು ವರ್ಷದಲ್ಲಿ ಮೂರು ಬಾರಿ ನಕ್ಷೆ ಬದಲಾದ ಊರಿನಲ್ಲಿ, ಶಾಲೆಗೆ ಕಷ್ಟ ಬಂದರೆ ಯಾರ ಬಾಗಿಲು ತಟ್ಟಬೇಕೆಂಬುದೂ ಪ್ರತಿ ಸಲ ಬದಲಾಯಿತು.

2025ರ ನಂತರ

2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳು ಬಂದವು. ವೈಟ್‌ಫೀಲ್ಡ್ ಈಗ ಪೂರ್ವ ನಗರ ಪಾಲಿಕೆಯಲ್ಲಿದೆ. ಆದರೆ ಅಲ್ಲಿನ ಶಾಲೆಗಳು ಬೆಂಗಳೂರು ದಕ್ಷಿಣ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಅದೇ ವರ್ಷ ರಾಮನಗರ ಜಿಲ್ಲೆಗೂ ಬೆಂಗಳೂರು ದಕ್ಷಿಣ ಎಂದು ಹೆಸರಿಡಲಾಯಿತು, ಹೀಗೆ ಒಂದೇ ಹೆಸರು ಎರಡು ಬೇರೆ ಪ್ರದೇಶಗಳಿಗೆ ಬಂತು. ಆಗಸ್ಟ್‌ನಲ್ಲಿ ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ತನ್ನ ವರದಿ ಸಲ್ಲಿಸಿತು. ನಕ್ಷೆ ಬದಲಿಸಲು ಇದಕ್ಕಿಂತ ಸೂಕ್ತ ಸಮಯ ಬೇಗ ಬರಲಾರದು.

ಆ ಕೆಲಸ ನೃಪತುಂಗ ರಸ್ತೆಯ ಹುದ್ದೆಗಳ ಹೆಸರು ಬದಲಿಸುವುದರಿಂದ ಶುರುವಾಗಬಾರದು. ಮಕ್ಕಳ ಸಂಖ್ಯೆ ನೋಡಿ ಹೊರವಲಯದ ಬ್ಲಾಕ್‌ಗಳನ್ನು ಮೊದಲು ಒಡೆಯಬೇಕು. ಖಾಸಗಿ ಶಾಲೆಗಳ ಮಾನ್ಯತೆಯ ಕೆಲಸಕ್ಕೆ ಬಿಇಒ ಕಚೇರಿಯಲ್ಲಿ ಬೇರೆ ಸಿಬ್ಬಂದಿ ಕೊಡಬೇಕು. ವರ್ಷದ ಮಧ್ಯೆ ಬಂದ ಮಕ್ಕಳಿಗೆ ತಕ್ಕಂತೆ ಅತಿಥಿ ಶಿಕ್ಷಕರನ್ನು ನೇಮಿಸುವ ಅಧಿಕಾರ ಬ್ಲಾಕ್ ಮಟ್ಟದಲ್ಲೇ ಇರಬೇಕು. ಸಿಆರ್‌ಪಿಗಳನ್ನು ಅಂಕಿಅಂಶ ತುಂಬುವ ಕೆಲಸದಿಂದ ಬಿಡಿಸಿ ತರಗತಿಗೆ ಕಳಿಸಬೇಕು. ಮುಂದಿನ ಆಯುಕ್ತರು ಯಾರೇ ಆಗಲಿ, ಈ ನಾಲ್ಕನ್ನು ಆದೇಶದಲ್ಲಿ ನಿಲ್ಲಿಸದೆ ವರ್ಗಾವಣೆ ಕಾಯ್ದೆಯಂತೆ ಕಾನೂನಿನ ರೂಪಕ್ಕೆ ತರುವುದು ಅಗತ್ಯ.