ಆಕೆಯ ಮಾತಿಗೆ ಎಷ್ಟು ತೂಕ?

"ಕೋರ್ಟಿನಾಗ ಗೆದ್ದವ ಸೋತ, ಸೋತವ ಸತ್ತ" ಅನ್ನುವ ಗಾದೆ ಹೊಲ-ಮನೆ ವ್ಯಾಜ್ಯ ನೋಡಿ ಹುಟ್ಟಿದ್ದು. ಆದರೆ ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳ ಪಾಲಿಗೆ ಅದು ಇನ್ನೂ ನಿಜ ಅನ್ನಿಸುತ್ತದೆ ನನಗೆ. ಕೆಳಗಿನ ಕೋರ್ಟು ಆಕೆಯ ಮಾತು ನಂಬಿ ಶಿಕ್ಷೆ ಕೊಟ್ಟರೂ ಮುಂದೆ ಮೇಲ್ಮನವಿ ಅಂತ ಒಂದಿದೆಯಲ್ಲ! ನಮ್ಮ ಕಾಖಂಡಕಿಯವರಿಗಾದರೆ ವಿಜಯಪುರದ ಜಿಲ್ಲಾ ನ್ಯಾಯಾಲಯ ಮುಗಿದ ಮೇಲೆ ಹೈಕೋರ್ಟು. 2008ರ ತನಕ ಅದಕ್ಕೆ ಬೆಂಗಳೂರೇ ಗತಿ, ಆಮೇಲೆ ಕಲಬುರಗಿಗೆ ಪೀಠ ಬಂತು. ಸಾಮಾನ್ಯವಾಗಿ ಅಲ್ಲಿ ಸಾಕ್ಷಿಕಟ್ಟೆಯಲ್ಲಿ ಆಕೆ ಇರುವುದಿಲ್ಲ. ಆಕೆ ಹೇಳಿದ್ದು ಹಾಳೆಯ ಮೇಲಿರುತ್ತದೆ. ಆ ಹಾಳೆಯನ್ನು ಹೇಗೆ ತೂಗುತ್ತಾರೆ?

ಕಾನೂನಿನ ಉತ್ತರ ಹಳೆಯದು. ರಾಜಸ್ಥಾನದ ಎಂಟು ವರ್ಷದ ಹುಡುಗಿಯೊಬ್ಬಳ ಪ್ರಕರಣದಲ್ಲಿ (ರಾಮೇಶ್ವರ್ ಪ್ರಕರಣ) 1951ರ ಡಿಸೆಂಬರಿನಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು: ಸಂತ್ರಸ್ತೆಯ ಮಾತಿಗೆ ಬೇರೆ ಸಾಕ್ಷಿಯ ಬೆಂಬಲ ಬೇಕೇಬೇಕು ಅನ್ನುವುದು ಕಾನೂನಲ್ಲ, ಅದು ನ್ಯಾಯಾಧೀಶರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಎಚ್ಚರಿಕೆ ಅಷ್ಟೇ. ಬರೆದವರು ನ್ಯಾ. ವಿವಿಯನ್ ಬೋಸ್.

ಆದರೆ ಎಚ್ಚರಿಕೆ ಹೋಗಿ ಅನುಮಾನವಾಗಲು ಎಷ್ಟು ಹೊತ್ತು? 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ದೌರ್ಜನ್ಯದ ಆರೋಪ ಬಂತು. ಹೆದರಿ ಸುಮ್ಮನಿರುವುದು ಒಪ್ಪಿಗೆಯಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಪೊಲೀಸರಿಗೆ ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟ್, ಮೈಮೇಲೆ ಗಾಯವಿಲ್ಲ ಅನ್ನುವುದನ್ನೂ ಹಿಡಿದು, ಅವರನ್ನು ಬಿಟ್ಟಿತು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ದೇಶದ ತುಂಬ ಚಳವಳಿಯಾಗಿ 1983ರಲ್ಲಿ ಕಾನೂನೇ ಬದಲಾಯಿತು.

ಈಗ ನಮ್ಮ ರಾಜ್ಯಕ್ಕೆ ಬರೋಣ. 2000ನೇ ಇಸವಿಯ ಎರಡು ತೀರ್ಪುಗಳು ನನಗೆ ಮುಖ್ಯ ಅನ್ನಿಸುತ್ತವೆ.

ಮೊದಲನೆಯದು ಕರ್ನಾಟಕ ರಾಜ್ಯ ವಿರುದ್ಧ ಕೃಷ್ಣಪ್ಪ. ಏಳೆಂಟು ವರ್ಷದ ಮಗು. ಅಪರಾಧವಾಗಿದೆ ಅಂತ ನಮ್ಮ ಹೈಕೋರ್ಟೂ ಒಪ್ಪಿತು. ಆದರೆ ಅಪರಾಧಿ ಓದಿಲ್ಲ, ದುರ್ಬಲ ವರ್ಗದವ, ಕುಡಿತದ ಚಟ, ಮನೆಯಲ್ಲಿ ಹೆಂಡತಿ-ಮಕ್ಕಳಿದ್ದಾರೆ ಎಂದು ಹತ್ತು ವರ್ಷದ ಶಿಕ್ಷೆಯನ್ನು ನಾಲ್ಕಕ್ಕೆ ಇಳಿಸಿತು. ಸುಪ್ರೀಂ ಕೋರ್ಟ್ ಇದನ್ನು ಒಪ್ಪದೆ ಹತ್ತು ವರ್ಷವನ್ನೇ ಉಳಿಸಿತು. ನೋಡಿ, ಮಾತು ನಂಬಿದ ಮೇಲೂ ಅದರ ತೂಕ ಹೀಗೆ ಕಡಿಮೆಯಾಗಬಹುದು!

ಎರಡನೆಯದು ಮಂಜಣ್ಣ ಪ್ರಕರಣ. ಪೊಲೀಸರ ಪತ್ರವಿಲ್ಲದೆ ಸಂತ್ರಸ್ತೆಯನ್ನು ಪರೀಕ್ಷೆ ಮಾಡುವುದಿಲ್ಲ ಅನ್ನುವ ಸರಕಾರಿ ಡಾಕ್ಟರುಗಳ ಬಗ್ಗೆ, ಅದರಲ್ಲೂ ಹಳ್ಳಿಗಾಡಿನವರ ಬಗ್ಗೆ, ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ ಅಸಮಾಧಾನ ಬರೆದಿಟ್ಟಿತು. ಪರೀಕ್ಷೆ ತಡವಾದರೆ ಪುರಾವೆ ಅಳಿಸಿಹೋಗುತ್ತದೆ. ಮುಂದೆ ಮೇಲ್ಮನವಿಯಲ್ಲಿ ವಕೀಲರು ಕೇಳುವುದು ಅದನ್ನೇ: ಗಾಯ ಎಲ್ಲಿ, ತಡ ಯಾಕಾಯಿತು?

ಹಾಗಂತ ಕಣ್ಣುಮುಚ್ಚಿ ನಂಬಿ ಅಂತ ಯಾವ ಕೋರ್ಟೂ ಹೇಳಿಲ್ಲ, ಹೇಳಲೂಬಾರದು. ಒಬ್ಬಳ ಮಾತಿನ ಮೇಲೆಯೇ ಶಿಕ್ಷೆಯಾಗಬೇಕಾದರೆ ಆ ಮಾತು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿರಬೇಕು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ. ಆರೋಪಿಗೂ ನ್ಯಾಯ ಬೇಕಲ್ಲ. ತೂಗಬೇಕಾದ್ದು ಮಾತನ್ನು, ಆಡಿದವಳ ನಡತೆಯನ್ನಲ್ಲ. ಆಕೆಯ ನಡತೆ ಕೆಟ್ಟದ್ದೆಂದು ತೋರಿಸಿ ಸಾಕ್ಷ್ಯ ಅಲ್ಲಗಳೆಯಲು ಅವಕಾಶವಿದ್ದ 1872ರ ಸಾಕ್ಷ್ಯ ಕಾಯಿದೆಯ ಕಲಮು 2003ರಲ್ಲಿ ಹೋಯಿತು. ಆದರೂ 2020ರ ಜೂನ್‌ನಲ್ಲಿ ನಮ್ಮ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ, ಘಟನೆಯ ನಂತರ ದಣಿದು ನಿದ್ದೆ ಹೋದೆ ಎಂದ ಹೆಣ್ಣುಮಗಳ ವರ್ತನೆ ಭಾರತೀಯ ನಾರಿಗೆ ತಕ್ಕುದಲ್ಲ ಎಂಬರ್ಥದ ಮಾತು ಬಂತು. ಟೀಕೆ ಬಂದ ಮೇಲೆ ಅದನ್ನು ತೆಗೆದುಹಾಕಲಾಯಿತು.

ನನಗೆ ತೋಚುವುದಿಷ್ಟು. ಮೇಲಿನ ಕೋರ್ಟು ತೂಗುವ ಹಾಳೆ ಸಿದ್ಧವಾಗುವುದು ದಿಲ್ಲಿಯಲ್ಲಲ್ಲ, ಮೊದಲ ಒಂದೆರಡು ದಿನಗಳಲ್ಲಿ ಊರ ಠಾಣೆಯಲ್ಲಿ, ದವಾಖಾನೆಯಲ್ಲಿ. 2013ರ ತಿದ್ದುಪಡಿಯ ನಂತರ ಸರಕಾರಿ ಇರಲಿ ಖಾಸಗಿ ಇರಲಿ, ಆಸ್ಪತ್ರೆಯವರು ಸಂತ್ರಸ್ತೆಗೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು, ನಿರಾಕರಿಸಿದರೆ ಶಿಕ್ಷೆಯಿದೆ. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಗಳಲ್ಲೂ ಈ ನಿಯಮ ಉಳಿದಿದೆ.

ನಿಮ್ಮೂರ ದವಾಖಾನೆಯಲ್ಲಿ ಇದು ಎಷ್ಟು ಮಂದಿಗೆ ಗೊತ್ತಿದೆ? ಒಮ್ಮೆ ಕೇಳಿ ನೋಡಿ.